ಬಾಟ್ಲಿ ಬೀಗತಿ

ಏಪ್ರಿಲ್ 8, ಮಂಗಳವಾರ

ಪ್ಯಾಸೆಂಜರ್ ಮತ್ತೆ ತಡ. ಶಹಾಬಾದದಿಂದ ವಾಡಿ ಎಷ್ಟು ದೂರ — ಆದರೂ ಅರ್ಧ ಮುಂಜಾನೆ ಪ್ಲಾಟ್‌ಫಾರ್ಮಿನಲ್ಲೇ ಹೋಯಿತು. ಬ್ಯಾಗಿನಲ್ಲಿ ನೀರಿನ ಬಾಟಲಿ, ಸ್ಟೀಲಿನದು. ಜನವರಿಯಲ್ಲಿ ಕಿಡ್ನಿಯಲ್ಲಿ ಕಲ್ಲು ಸಿಕ್ಕ ಮೇಲೆ ಇದು ನನ್ನ ಮೂರನೇ ಕೈ. ಕಲಬುರಗಿಯ ಡಾಕ್ಟರು ನಕ್ಕಿದ್ದರು — “ಶಹಾಬಾದದವರಿಗಿ ಕಲ್ಲು ಹೊರಗೂ ಅದ, ಒಳಗೂ ಅದ.” ಬೋರಿನ ನೀರು ಬೇಡ, ಫಿಲ್ಟರಿನದೇ ಕುಡಿಯಿರಿ, ಬಾಯಾರದಿದ್ದರೂ ಕುಡಿಯಿರಿ. ಕುಡಿಯುತ್ತಿದ್ದೇನೆ.

ಟ್ರೇನಿಂಗ್ ಸೆಂಟರಿನಲ್ಲಿ ಹೊಸ ಬ್ಯಾಚು. ಸಿಮೆಂಟ್ ಕಾರ್ಖಾನೆಗೆ ಸೇರಿದ ಹುಡುಗರು. ಕೆಲವರನ್ನು ಹೊರದೇಶಕ್ಕೆ ಕಳಿಸುತ್ತಾರಂತೆ, ಅದಕ್ಕೇ ನಾನು — ‘ಎಟಿಕೆಟ್ ಮೇಡಂ’. ಜಪಾನಿನವರು ಕಾರ್ಡ್ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ಕೂಡಲೇ ಕಿಸೆಗೆ ತುರುಕಬೇಡಿ. ಚೀನಾದಲ್ಲಿ ಅನ್ನದ ಬಟ್ಟಲಿಗೆ ಕಡ್ಡಿ ನೆಟ್ಟಗೆ ಸಿಗಿಸಬೇಡಿ, ಅದು ಸತ್ತವರಿಗೆ. ಅರಬರ ಮನೆಯಲ್ಲಿ ಕಾಫಿ ಸಾಕಾದರೆ ಬಟ್ಟಲು ಅಲ್ಲಾಡಿಸಿ, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಯಾರ ಮನೆಯಲ್ಲೇ ಆಗಲಿ ಮೊದಲು ಕೊಟ್ಟದ್ದನ್ನು ಬೇಡ ಎನ್ನಬೇಡಿ, ಒಂದು ಗುಟುಕಾದರೂ ಕುಡಿಯಿರಿ. ಫೋರ್ಕ್ ಎಡಗೈಯಲ್ಲಿ.

ತೆಂಗಳಿಯ ಶರಣಕುಮಾರ ಎದ್ದು ನಿಂತ. “ಮೇಡಂ, ಎಡಗೈಲೆ ಉಣ್ಣೂದು ಕಲಿಸ್ಲಿಕತ್ತೀರಿ. ನಮ್ಮಾಯಿ ನೋಡಿದ್ಲಂದ್ರ ತಾಟ್ ಕಸ್ಕೊಂಡು ನಾಯಿಗಿ ಹಾಕ್ತಾಳ್ರಿ.”

ಎಲ್ಲರೂ ನಕ್ಕರು. ‘ಆಯಿ ಮುಂದೆ ಬಲಗೈ, ಬಾಸ್ ಮುಂದೆ ಎಡಗೈ’ ಎಂದೆ. ಪ್ರತಿ ಬ್ಯಾಚಿಗೂ ಇದೇ ಉತ್ತರ. ಪ್ರತಿ ಬ್ಯಾಚೂ ನಗುತ್ತದೆ. ನನಗೇ ಸಾಕಾಗಿದೆ.

ಮಧ್ಯಾಹ್ನ ದಾನು ಫೋನ್ ಮಾಡಿದ್ದಳು, ಚಿಂಚೋಳಿಯ ಪಶು ಆಸ್ಪತ್ರೆಯಿಂದ. ಬೆಳಿಗ್ಗೆ ಎಮ್ಮೆಯ ಹೆರಿಗೆ ಮಾಡಿಸಿದಳಂತೆ, ದನಿಯಲ್ಲಿ ಇನ್ನೂ ಅದೇ ಹುರುಪು. “ಮಮ್ಮಿ, ಸಂಡೇ ಪಕ್ಕಾ ಅಲ್ಲ? ರೇವಣನ ಮನ್ಯಾಗ ತಯಾರಿ ನಡದದ. ಅಜ್ಜಿಗಿ ಹೇಳ್ದಿ?” ಇನ್ನೂ ಹೇಳಿಲ್ಲ.

ರೇವಣಸಿದ್ದ. ಬೀದರದಲ್ಲಿ ಅವಳ ಕ್ಲಾಸ್‌ಮೇಟು, ಈಗ ಕಾಳಗಿಯಲ್ಲಿ ಅವನೂ ದನದ ಡಾಕ್ಟರು. ಮನೆ ಚಿಮ್ಮನಚೋಡ. ಒಳ್ಳೆಯ ಹುಡುಗ. ಬೇರೆ ಸಮಾಜ... ನೋಡು, ಬೇರೆ ಸಮಾಜ ಎಂದು ಬರೆದೆ. ಯಾರೂ ಓದದ ಕಡೆಯೂ ಜಾತಿ ಎನ್ನುವ ಮಾತು ತಪ್ಪಿಸುತ್ತೇನೆ. ನಾವು ಲಿಂಗಾಯತರು, ಅವರು ಕುರುಬರು. ಬರೆದಾಯಿತು. ನನಗೆ ಅಡ್ಡಿಯಿಲ್ಲ. ದಾನುವಿನ ಅಪ್ಪನಿಗೂ ಇಲ್ಲ — ಇವರು ತಮ್ಮ ಕಲ್ಲಿನ ಪಾಲಿಶ್ ಯಾರ್ಡಿನ ಧೂಳಿಗೂ ಅಡ್ಡಿ ಎಂದವರಲ್ಲ. ಉಳಿದವರು ಅತ್ತೆ.

ಏಪ್ರಿಲ್ 10, ಗುರುವಾರ

ಅತ್ತೆಯವರ ಪೂಜೆ ಮುಗಿಯುವ ತನಕ ಕಾದೆ. ಹಣೆಯ ವಿಭೂತಿ ಇನ್ನೂ ಹಸಿ. ಈ ಮನೆಯಲ್ಲಿ ಅತ್ತೆ ಲಲಿತಾಬಾಯಿಯವರ ಕೋಣೆಯ ಹೊಸ್ತಿಲ ಮೇಲೆ ನಿಂತು ಮಾತಾಡುವುದು ರೂಢಿ. ಒಳಗೆ ಹೋಗಿ ಕೂಡುವುದಿಲ್ಲ.

“ಅತ್ತೀ, ಸಂಡೇ ಚಿಮ್ಮನಚೋಡಕ್ಕ ಹೋಗಿ ಬರ್ತೀವಿ.”

“ಹೋಗ್ರಿ. ನನ್ನ ಯಾಕ ಕೇಳ್ತಿ? ಹುಡುಗಿ ದನ ನೋಡ್ತಾಳ, ಹುಡುಗ ಕುರಿ ಕಾದವರ ಮಗ. ಜೋಡಿ ಛಲೋ ಅದ.”

“ಅವನೂ ಡಾಕ್ಟರ್ ಅದಾನ್ರಿ.”

“ನಾ ಎಲ್ಲಿ ಇಲ್ಲಂದೆ?” ಲಿಂಗದ ವಸ್ತ್ರ ಮಡಚುತ್ತ ಇದ್ದರು. “ಹೋದಲ್ಲಿ ನೀರು-ನಿಡಿ ಜರಾ ನೋಡ್ಕೊಂಡು, ರಾಜಿ. ಹೆಣ್ಣಿನವರು ಗಂಡಿನ ಮನ್ಯಾಗ ನೀರ ಕುಡದ್ರಂದ್ರ ಮಾತು ಕೊಟ್ಟಂಗ. ಇಂಗ್ಲೀಷ್ ಸಾಲ್ಯಾಗ ಇದನ್ನ ಕಲ್ಸಿರ್ಲಿಕ್ಕಿಲ್ಲ.”

ಕಲಿಸಿರಲಿಲ್ಲ. ಸಿಕಂದರಾಬಾದಿನ ಸಿಸ್ಟರುಗಳು ಸೂಪು ಸದ್ದಿಲ್ಲದೆ ಕುಡಿಯುವುದನ್ನು ಕಲಿಸಿದ್ದರು. ಮನಸ್ಸಿನಲ್ಲಿ ನಕ್ಕು ಸುಮ್ಮನಾದೆ. ಮಾತು ಕೊಡಲಿಕ್ಕೇ ತಾನೇ ಹೋಗುತ್ತಿರುವುದು.

ಏಪ್ರಿಲ್ 13, ಭಾನುವಾರ — ಸಂಜೆ 6

ಈಗ ಬಂದೆವು. ಕಾಲು ಊದಿವೆ. ಚಿತ್ತಾಪುರ ದಾಟುವಷ್ಟರಲ್ಲಿ ಕಾರಿನ ಎ.ಸಿ. ಕೈಕೊಟ್ಟಿತು. ಕಾಳಗಿಯ ಆಚೆ ಎರಡೂ ಕಡೆ ತೊಗರಿ ಕೊಯ್ದ ಹೊಲ, ಬರೀ ಕೂಳೆ. ದಾನು ಹಿಂದಿನ ಸೀಟಿನಲ್ಲಿ ಮೂರು ಸಲ ತಲೆ ಬಾಚಿಕೊಂಡಳು.

ಕಲ್ಲಿನ ಗೋಡೆಯ ಮನೆ, ಮುಂದೆ ಬೇವು, ಬದಿಗೆ ಕುರಿಗಳ ದಡ್ಡಿ. ರೇವಣಸಿದ್ದನ ಅಪ್ಪ ಅಮೃತಪ್ಪನವರು ಹೊಸ ರುಮಾಲು ಸುತ್ತಿ ರಸ್ತೆಗೇ ಬಂದು ನಿಂತಿದ್ದರು. ತಾಯಿ ಪೀರಮ್ಮ — ಹೊಲದ ಆ ತುದಿಯವರನ್ನು ಈ ತುದಿಯಿಂದ ಕರೆಯುವ ದನಿ. “ಬರ್ರಿ, ಬರ್ರಿ, ಬಿಸಲಾಗ ಬಂದೀರಿ. ಏ ಜಗದೇವಿ, ನೀರ ತಾ.”

ಮಗಳು ಜಗದೇವಿ ಹಿತ್ತಾಳೆಯ ತಂಬಿಗೆ ತಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು, ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಇವರು ಈಸಿಕೊಂಡು ಗಟಗಟ ಕುಡಿದರು. ನನ್ನ ಕೈಯಲ್ಲಿ ಆಗಲೇ ಬಾಟಲಿ ಇತ್ತು, ಕಾರಿನಿಂದ ಇಳಿಯುವಾಗಲೇ ಮುಚ್ಚಳ ತೆಗೆದಿದ್ದೆ. “ನನ್ನದು ಇಲ್ಲೇ ಅದ್ರಿ, ಥ್ಯಾಂಕ್ಯೂ” ಎಂದು ಅದರಿಂದ ಕುಡಿದೆ. ಜಗದೇವಿ ತಂಬಿಗೆ ಹಿಡಿದುಕೊಂಡು ಒಂದು ಗಳಿಗೆ ಅಲ್ಲೇ ನಿಂತಳು. ಪೀರಮ್ಮನವರೇ ಅಂದರು, “ಕುಡೀರಿ, ಕುಡೀರಿ. ಯಾವುದಾದ್ರೇನು, ನೀರು ನೀರೇ.”

ಊಟಕ್ಕೆ ಕೂಡುವ ಮೊದಲು ಅಮೃತಪ್ಪನವರು ಕೈಮುಗಿದರು. “ಅನುಮಾನ ಬ್ಯಾಡ್ರಿ. ಅಡಗಿ ಗುರುಲಿಂಗಯ್ಯ ಸ್ವಾಮೇರ ಮನ್ಯಾಗ ಮಾಡ್ಸೀವಿ. ತಾಟೂ ಅಲ್ಲಿಂದೇ ತರ್ಸೀವಿ. ನಿಮಗ ನಡೀತದ.” ಊರಿನ ಲಿಂಗಾಯತ ಸ್ವಾಮಿಗಳು ಅವರು, ಪಕ್ಕದಲ್ಲೇ ಕೂತಿದ್ದರು, ಸಾಕ್ಷಿಗೆ ಕರೆದ ಹಾಗೆ. ಎಷ್ಟು ಸೂಕ್ಷ್ಮ ಜನ ಎನಿಸಿತು. ಹೂರಣದ ಹೋಳಿಗೆ, ಕಟ್ಟಿನ ಸಾರು, ಪುಂಡಿಪಲ್ಯ. ಹೊಟ್ಟೆ ತುಂಬ ಉಂಡೆ. ತಟ್ಟೆಯಲ್ಲಿ ಒಂದಗುಳು ಬಿಡಲಿಲ್ಲ. ಸ್ವಾಮಿಗಳು ಮೆಚ್ಚಿದರು.

ಮೂಲೆಯಲ್ಲಿ ಒಂದು ಅಗಲವಾದ ಪರಾತ, ಮೇಲೆ ಬಟ್ಟೆ ಮುಚ್ಚಿತ್ತು. ಅಂಚಿನಲ್ಲಿ ತೆಂಗಿನಕಾಯಿ, ಹಸಿರು ಖಣ ಕಂಡವು. ಹೊರಡುವಾಗ ಉಡಿ ತುಂಬುತ್ತಾರೆಂದು ಸೆರಗು ಸರಿಮಾಡಿಕೊಂಡೆ. ತುಂಬಲಿಲ್ಲ. ಮರೆತರೇನೋ. ಅಥವಾ ಮೊದಲ ಭೇಟಿಗೆ ಅವರಲ್ಲಿ ಪದ್ಧತಿಯಿಲ್ಲವೇನೋ.

ಒಟ್ಟಿನಲ್ಲಿ ಚೆನ್ನಾಗಿಯೇ ಆಯಿತು.

ಏಪ್ರಿಲ್ 14, ಸೋಮವಾರ

ಇವರು ಚಹಾ ಕುಡಿಯುತ್ತ ಅತ್ತೆಗೆ ನಿನ್ನೆಯದೆಲ್ಲ ಹೇಳಿದರಂತೆ. ನಾನು ಹೊಸ್ತಿಲ ಹತ್ತಿರ ಹೋದೊಡನೆ ಒಳಗೆ ಕರೆದರು. ಒಳಗೆ!

“ಶಾಣ್ಯಾಕಿ ಇದ್ದಿ, ರಾಜಿ. ನಾ ತಿಳಕೊಂಡಿರ್ಲಿಲ್ಲ.”

ಏನೆಂದು ತಿಳಿಯಲಿಲ್ಲ.

“ಸ್ವಾಮೇರ ಅಡಗಿ ಉಂಡಿ, ಅವರ ನೀರ ಮುಟ್ಟಲಿಲ್ಲ. ಮಾತೂ ಕೊಟ್ಟಂಗಾಗ್ಲಿಲ್ಲ, ಜಗಳಾನೂ ಆಗ್ಲಿಲ್ಲ. ಬಾಟ್ಲಿ ಹಿಡಕೊಂಡು, ನಕ್ಕೋತ, ಥ್ಯಾಂಕ್ಯೂ ಅಂದು... ನಾನಾಗಿದ್ರೂ ಇಷ್ಟ ಛಂದ ಮಾಡ್ತಿರ್ಲಿಲ್ಲವ್ವ.”

“ಅತ್ತೀ, ಅದು ಡಾಕ್ಟರ್ ಹೇಳ್ಯಾರಂತ—”

“ಹೌದೌದು. ಡಾಕ್ಟರ್.” ಒಂದು ಕಣ್ಣು ಸಣ್ಣದು ಮಾಡಿದರು.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರ ಬಾಯಿಂದ ಕೇಳಿದ ಮೊದಲ ಹೊಗಳಿಕೆ. ಅತ್ತೆಗೆ ಹೀಗೆ ಕಂಡಿತೆಂದರೆ ಪೀರಮ್ಮನವರಿಗೆ?

ತಂಬಿಗೆ ಹಿಡಿದು ನಿಂತ ಆ ಹುಡುಗಿ. ಬಟ್ಟೆ ಮುಚ್ಚಿದ ಪರಾತ. ಮರೆತಿರಲಿಲ್ಲ.

ಇವರನ್ನು ಕೇಳಿದೆ, ನಿಮಗೆ ಆಗಲೇ ಏನೂ ಅನಿಸಲಿಲ್ಲವೇ? “ನಂಗ ಬಾಯಾರಿತ್ತು, ಕುಡ್ದೆ. ನೀ ಏನ್ ಮಾಡ್ದಿ ಯಾರ್ ನೋಡ್ಯಾರ” ಎಂದರು. ಎಲ್ಲರೂ ನೋಡಿದ್ದಾರೆ, ಇವರೊಬ್ಬರನ್ನು ಬಿಟ್ಟು.

ಏಪ್ರಿಲ್ 17, ಗುರುವಾರ

ದಾನು ಫೋನ್. ಹಲೋ ಇಲ್ಲ, ಏನಿಲ್ಲ.

“ಮಮ್ಮಿ, ನೀ ಅಲ್ಲಿ ನೀರ ಯಾಕ ಕುಡೀಲಿಲ್ಲ?”

“ನಿಂಗ ಗೊತ್ತದಲ್ಲ, ಕಿಡ್ನಿ—”

“ನಂಗ ಗೊತ್ತದ. ಅವರಿಗೇನ್ ಗೊತ್ತು? ರೇವಣನ ಅವ್ವ ಎರಡು ದಿನ ಯಾರ ಜೋಡೀನೂ ಮಾತಾಡಿಲ್ಲಂತ. ಅವರಪ್ಪ ಈಗ ಅಂತಾರ, ಅವಸರ ಯಾಕ, ಮಳಿಗಾಲ ಆಗ್ಲಿ, ನೋಡೋಣಂತ.”

ನೋಡೋಣ. ನಮ್ಮ ಕಡೆ ಯಾರೂ ‘ಇಲ್ಲ’ ಎನ್ನುವುದಿಲ್ಲ. ನೋಡೋಣ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು.

“ರೇವಣ ಏನಂತಾನ?”

“ಅವ ಅವ್ವನ ಮಗ. ಅವ್ವ ಹ್ಞೂಂ ಅನ್ನೋ ತನಕ ಅವನೂ ಅನ್ನಂಗಿಲ್ಲ. ನಾನೂ ಅನ್ನು ಅಂತ ಹೇಳಂಗಿಲ್ಲ.” ಬಾಗಿಲು ಹಾಕಿಕೊಂಡ ಸದ್ದು. “ನೀ ಕ್ಲಾಸಿನಾಗ ಏನ್ ಕಲಿಸ್ತಿ? ಮೊದಲ ಕೊಟ್ಟದ್ದು ಒಂದ್ ಗುಟುಕರೆ ಕುಡೀಬೇಕು. ಅದು ಅರಬರ ಮನ್ಯಾಗಷ್ಟೇ ಏನು?”

ಫೋನಿಟ್ಟಳು.

ಅವಳು ಚಿಕ್ಕವಳಿದ್ದಾಗಲೂ ಹೀಗೇ. ಅಳುತ್ತಿರಲಿಲ್ಲ. ಪ್ರಶ್ನೆ ಕೇಳಿ ಹೋಗಿಬಿಡುತ್ತಿದ್ದಳು.

ಏಪ್ರಿಲ್ 18, ಶುಕ್ರವಾರ

ಪೀರಮ್ಮನವರಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ — ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡಕ್ಕೆ. ಕ್ಷಮೆ ಕೇಳುವುದು ಹೇಗೆ ಎನ್ನುವುದಕ್ಕೂ ನನ್ನ ಬಳಿ ಒಂದು ಸ್ಲೈಡ್ ಇದೆ. ತಪ್ಪು ಒಪ್ಪಿಕೊಳ್ಳಿ, ಕಾರಣ ಚಿಕ್ಕದಾಗಿ ಹೇಳಿ, ಪರಿಹಾರ ಸೂಚಿಸಿ.

“ಸಾರಿ ರಿ, ಅವತ್ತು ನನಗ ಕಿಡ್ನಿ ತ್ರಾಸ ಇದ್ದದ್ದಕ್ಕ...”

“ಇರ್ಲಿ ಬಿಡ್ರಿ. ತಬಿಯತ್ ಮೊದಲ.”

“ನಿಮಗ ಬ್ಯಾಸರಾಗಿದ್ರ—”

“ಇರ್ಲಿ ಬಿಡ್ರಿ. ಬ್ಯಾಸರ ಯಾಕ.”

“ಮತ್ತೊಮ್ಮೆ ಬರ್ತೀವಿ ನಾವು.”

“ಬರ್ರಿ. ಮನಿ ಎಲ್ಲಿ ಹೋಗ್ತದ.”

ಎಲ್ಲದಕ್ಕೂ ಅದೇ ಮೃದು ದನಿ. ಹೊಲದ ಆ ತುದಿಗೆ ಕೇಳುವ ದನಿ ಫೋನಿನಲ್ಲಿ ಇಷ್ಟೇ ಇಷ್ಟು. ಗೋಡೆಗೆ ಗಾದಿ ಹಾಸಿದ ಹಾಗೆ. ಎಲ್ಲಿ ಕೈಯಿಟ್ಟರೂ ಮೆತ್ತಗೆ, ಆಚೆ ಹೋಗಲಿಕ್ಕೆ ಮಾತ್ರ ದಾರಿಯಿಲ್ಲ.

ಆಮೇಲೆ ಇನ್ನೊಂದು ಮಾಡಿದೆ. ಇದನ್ನು ಬರೆಯಲಿಕ್ಕೂ ನಾಚಿಕೆ. ಸ್ಕ್ಯಾನ್ ರಿಪೋರ್ಟಿನ ಫೋಟೋ ತೆಗೆದು ರೇವಣಸಿದ್ದನಿಗೆ ವಾಟ್ಸಾಪ್ ಮಾಡಿದೆ, ‘ಅಮ್ಮನಿಗೆ ತೋರಿಸಪ್ಪ’ ಎಂದು. ‘ಓಕೆ ಆಂಟಿ’ ಎಂದ, ಕೈಮುಗಿದ ಚಿತ್ರ ಹಾಕಿ. ಬೀಗರಾಗಬೇಕಾದವರಿಗೆ ತನ್ನ ಕಿಡ್ನಿಯ ಚಿತ್ರ ಕಳಿಸಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ಬರೆಯದೆ ಎಷ್ಟೋ ದಿನವಾಯಿತು. ಬರೆಯುವಂಥದ್ದೇನೂ ಆಗಲಿಲ್ಲ. ದಾನು ಎರಡು ರಜೆಗೂ ಮನೆಗೆ ಬರಲಿಲ್ಲ. ಮೆಸೇಜಿಗೆ ‘ಬಿಝಿ’ ಎನ್ನುವ ಒಂದೇ ಉತ್ತರ.

ಸೆಂಟರಿನಲ್ಲಿ ಕಾರ್ಯಕ್ರಮ. ನನಗೆ ಇಂಗ್ಲಿಷಿನಲ್ಲಿ ಮಾತಾಡಲು ಹೇಳಿದ್ದರು, ಮುಖ್ಯ ಕಚೇರಿಯಿಂದ ಬಂದವರಿಗೆ ತಿಳಿಯಲಿ ಎಂದು. ಮಾತಾಡಿದೆ. ಒಂದೇ ಪಂಕ್ತಿ, ಒಂದೇ ಊಟ, ಹುಟ್ಟಿನಿಂದ ಯಾರೂ ಮೇಲಲ್ಲ. ಎಲ್ಲೂ ತಡವರಿಸಲಿಲ್ಲ. ಚಪ್ಪಾಳೆ. ಇಳಿದು ಹಿಂದಿನ ಸಾಲಿಗೆ ಹೋಗಿ ನಿಂತೆ.

ಎಲೆಕ್ಟ್ರಿಕಲ್ ಕಲಿಸುವ ಅಮೀರ್ ಅಲಿ ಕೆಂಪು ಶರಬತ್ತಿನ ಲೋಟ ತಂದುಕೊಟ್ಟರು. “ಕ್ಯಾ ಮೇಡಂ, ಈದ್‌ಗೆ ನಮ್ಮ ಮನಿ ಶರಬತ್ತು ಮ್ಯಾಲಿಂದ ಮ್ಯಾಲ ತಗೊಂಡ್ರಿ, ಇವತ್ತು ಮಾರಿ ಯಾಕ ಸಣ್ಣಾಗ್ಯದ?”

ಲೋಟ ಹಿಡಿದು ನಿಂತುಬಿಟ್ಟೆ. ಈದ್. ಕಳೆದ ತಿಂಗಳು, ಅವರ ಮನೆಯಲ್ಲಿ. ಕಲ್ಲು ಸಿಕ್ಕದ್ದು ಜನವರಿಯಲ್ಲಿ. ಅವರ ಮನೆಯ ನೀರು ಎಲ್ಲಿಯದು, ಐಸು ಯಾರು ಮಾಡಿದ್ದು, ಫಿಲ್ಟರ್ ಇದೆಯೇ — ಒಂದನ್ನೂ ಕೇಳಿರಲಿಲ್ಲ. ಬಾಟಲಿ ಆವತ್ತೂ ಬ್ಯಾಗಿನಲ್ಲಿತ್ತು. ನೆನಪೇ ಆಗಲಿಲ್ಲ.

ಅಮೀರ್ ಅಲಿಯವರ ಮನೆಯಲ್ಲಿ ಸೋಫಾ ಇದೆ. ಅವರ ಹೆಂಡತಿ ಇಂಗ್ಲಿಷ್ ಮಾತಾಡುತ್ತಾರೆ. ಶರಬತ್ತು ಬಂದದ್ದು ಕೊರೆದ ಗಾಜಿನ ಲೋಟದಲ್ಲಿ.

ಹಾಗಾದರೆ ಕಿಡ್ನಿ ಎಲ್ಲಿ ಹೋಗಿತ್ತು?

ಬಾಟಲಿ ಅಭ್ಯಾಸ ಎಂದು ಈಗಲೂ ನಂಬುತ್ತೇನೆ. ಅದನ್ನು ಬಿಡೋಣ. ಆದರೆ ಅಡುಗೆ ಸ್ವಾಮಿಗಳ ಮನೆಯದು ಎಂದಾಗ ‘ಅಯ್ಯೋ ಯಾಕ್ರೀ, ನೀವೇ ಮಾಡಬೇಕಿತ್ತು’ ಎಂದೆನೇ? ಅನ್ನಲಿಲ್ಲ. ಸೂಕ್ಷ್ಮ ಜನ ಎಂದು ಮೆಚ್ಚಿಕೊಂಡೆ. ಮೆಚ್ಚುಗೆಯ ಕೆಳಗೆ ಇನ್ನೊಂದಿತ್ತು — ಹಾಯೆನಿಸಿತ್ತು. ಅವರು ತಮ್ಮ ಮನೆಯಲ್ಲೇ ತಾವು ಹಿಂದೆ ಸರಿದು ನಿಂತು ನನಗೆ ದಾರಿ ಬಿಟ್ಟರು. ನಾನು ಆ ದಾರಿಯಲ್ಲಿ ನಡೆದು ಹೋಗಿ ಕೂತು ಹೋಳಿಗೆ ಉಂಡೆ.

ಅತ್ತೆ ಹೊಗಳಿದ್ದು ತಪ್ಪಲ್ಲವೇನೋ. ಅವರಿಗೆ ನಾನು ಗೊತ್ತು.

ಮೇ 4, ಭಾನುವಾರ — ಸಂಜೆ

ಚಿಮ್ಮನಚೋಡಕ್ಕೆ ಹೋಗಿದ್ದೆ. ಒಬ್ಬಳೇ, ಬಸ್ಸಿನಲ್ಲಿ. ದಾನುಗೆ ಹೇಳಲಿಲ್ಲ. ಇವರಿಗೆ ಹೇಳಿದೆ. “ಹೋಗ್ತಿ? ಹೋಗಿ ಬಾ” ಎಂದರು. ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬೇಕೆಂದೇ ಬಿಟ್ಟು ಹೋದೆ. ಕಾಳಗಿ ಬರುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿತ್ತು.

ಪೀರಮ್ಮ ಬೇವಿನ ಕೆಳಗೆ ತೊಗರಿ ಹಸನು ಮಾಡುತ್ತಿದ್ದರು. ಕೇರುವ ಮೊರ ಕೆಳಗಿಡಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. “ಬರ್ರಿ. ಒಬ್ರೇ ಬಂದ್ರಿ? ಕುಂದ್ರಿ.” ಮೊರ ಹಿಡಿದೇ ಒಳಗೆ ಕರೆದುಕೊಂಡು ಹೋದರು. ತಂಬಿಗೆಗಳ ಸಾಲಿನ ಪಕ್ಕದಲ್ಲಿ ಒಂದು ಹೊಸ ವಸ್ತು — ನೀಲಿ ಕ್ಯಾನು, ಅಂಗಡಿಯ ಫಿಲ್ಟರ್ ನೀರಿನದು. ಮೇಲೆ ಒಂದು ಸ್ಟೀಲ್ ಲೋಟ, ಸ್ಟಿಕ್ಕರ್ ಕೂಡ ತೆಗೆದಿರಲಿಲ್ಲ.

“ನಿಮ್ಮ ಸಲುವಾಗೇ ತರ್ಸಿಟ್ಟೀವ್ರಿ. ಯಾವಾಗರೆ ಬಂದ್ರ ಇರ್ಲಿ ಅಂತ.”

“ಬ್ಯಾಡ್ರಿ. ತಂಬಿಗಿ ನೀರೇ ಕೊಡ್ರಿ.”

“ಛೇ ಛೇ. ನಾಳಿ ಹೊಟ್ಟಿ ನೋಯ್ತಂದ್ರ ಹೆಸರ ನಮಗ ಬರ್ತದ. ಡಾಕ್ಟರ್ ಕಾಗದ ನೋಡೀನಲ್ರಿ ನಾ. ಮಗ ಕಲ್ಲು ತೋರ್ಸಿದ. ಇಷ್ಟೇ ಇಷ್ಟು ಅದ, ತೊಗರಿ ಬ್ಯಾಳಿ ಹಂಗ.”

ಲೋಟ ತುಂಬಿ ಕೈಗೆ ಕೊಟ್ಟರು. ಇನ್ನೂ ಒತ್ತಾಯ ಮಾಡಬಹುದಿತ್ತು. ಮಾಡಿದರೆ ಅದು ಅವರ ನೀರಿಗಾಗಿ ಅಲ್ಲ, ನನ್ನ ಸಲುವಾಗಿ ಮಾಡಿದ ಹಾಗೆ. ಕುಡಿದೆ. ಪ್ಲಾಸ್ಟಿಕ್ಕಿನ ವಾಸನೆ. ಇಷ್ಟು ಕಹಿಯಾಗಿ ಯಾವ ನೀರೂ ಇಳಿದಿಲ್ಲ.

“ಪೀರಮ್ಮಾರ, ನನ್ನಿಂದ ತಪ್ಪಾಗ್ಯದ.”

“ಇರ್ಲಿ ಬಿ—” ಎಂದವರು ನಿಲ್ಲಿಸಿದರು. ಮತ್ತೆ ಎತ್ತಿಕೊಂಡಿದ್ದ ಕಾಳು ಮೊರಕ್ಕೆ ಹಾಕಿದರು. “ಒಂದ್ ಮಾತ್ ಕೇಳ್ತೀನ್ರಿ. ಅವತ್ತು ಊಟ ಸ್ವಾಮೇರದು. ತಾಟು ಸ್ವಾಮೇರದು. ಜಮಖಾನಿ ಸುದ್ದಾ ಗುಡಿದು ತಂದಿದ್ವಿ. ನನ್ನ ಮಗನ್ನ ನೋಡ್ಲಿಕ್ಕ ಬಂದೀರಿ, ನನ್ನ ಮನ್ಯಾಗ ನಂದಂತ ಇದ್ದದ್ದು ನೀರೊಂದರಿ. ಅದನ್ನೇ ಬಿಟ್ರಿ.”

ಲೋಟ ಕೆಳಗಿಟ್ಟೆ. ಹೊರಗೆ ಕುರಿಮರಿ ಒದರುತ್ತಿತ್ತು.

“ಮುಂದಿನ ಸಲ ನೀವೇ ಅಡಗಿ ಮಾಡ್ರಿ” ಎಂದೆ. “ನಿಮ್ಮ ಪಾತ್ರ್ಯಾಗ. ನಾ ಉಣ್ತೀನಿ.”

“ನಮ್ಮ ಪಾತ್ರ್ಯಾಗ ಮಟನ್ ಬೇಯ್ತದ್ರಿ. ಗೊತ್ತದಲ್ಲ?”

ಗೊತ್ತದ, ಎಂದೆ. ಆದರೆ ಅನ್ನುವುದಕ್ಕೆ ಮೊದಲು ಒಂದು ಗಳಿಗೆ ತಡವಾಯಿತು. ತುಟಿ ಒಂದಿಷ್ಟು ಮುದುಡಿತು. ನಾನು ಅದನ್ನು ಕರೆದಿರಲಿಲ್ಲ, ತಾನಾಗೇ ಬಂತು. ಪೀರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಗಳಿಗೆಯನ್ನು ಪೂರಾ ಕಂಡರು.

ಕಂಡು ನಕ್ಕರು! ಮೊದಲ ಸಲ ಆ ದೊಡ್ಡ ದನಿಯಲ್ಲಿ. “ಈಗ ನೋಡ್ರಿ, ಈಗ ನಿಮ್ಮ ಖರೇ ಮಾರಿ ಕಂಡ್ತು. ಅವತ್ತಿಂದ ಬರೇ ಥ್ಯಾಂಕ್ಯೂ, ಸಾರಿ, ಥ್ಯಾಂಕ್ಯೂ, ಸಾರಿ. ಅದರ ಹಿಂದ ಮನಷ್ಯಾರು ಎಲ್ಲದಾರ ಅಂತ ಹುಡಕ್ಲಿಕತ್ತಿದ್ದೆ.”

ಬೈದಂತೆಯೂ ಇರಲಿಲ್ಲ, ಕ್ಷಮಿಸಿದಂತೆಯೂ ಇರಲಿಲ್ಲ. ಬಸ್ಸಿನ ತನಕ ಜಗದೇವಿಯನ್ನು ಜೊತೆ ಕಳಿಸಿದರು. ಉಡಿ ತುಂಬಲಿಲ್ಲ. ಹೊರಡುವಾಗ ಅಂದರು, “ನಾವೂ ನಿಮ್ಮ ಮನಿ ನೋಡ್ಬೇಕಲ್ಲ. ಬರ್ತೀವಿ ಒಂದಿನ.”

ಬೆನ್ನು ನೋಯುತ್ತಿದೆ. ಬಸ್ಸಿನದೋ, ಕಲ್ಲಿನದೋ.

ಮೇ 22, ಗುರುವಾರ

ಭಾನುವಾರ ಬರುತ್ತಾರಂತೆ. ದಾನು ಹೇಳಿದಳು. ಸಂದೇಶದಲ್ಲಲ್ಲ, ದನಿಯಲ್ಲಿ. “ನಾನೂ ಬರ್ತೀನಿ. ಮಮ್ಮಿ, ನೀ ಏನೂ ಸ್ಪೆಷಲ್ ಮಾಡ್ಬ್ಯಾಡ. ಪ್ಲೀಸ್. ಸುಮ್ಕ ಇರು.” ಆಮೇಲೆ, “ಇದೂ ಆಗಲಿಲ್ಲಂದ್ರ ನಾ ಟ್ರಾನ್ಸ್‌ಫರ್ ತಗೋತೀನಿ. ಕಾಳಗಿ-ಚಿಂಚೋಳಿ ರೋಡಿನ ಮ್ಯಾಲ ದಿನಾ ಅವನ ಗಾಡಿ ನೋಡ್ಕೋತ ಇರ್ಲಿಕ್ಕ ನನಗ ಆಗಂಗಿಲ್ಲ.”

ಸುಮ್ಮನಿರುವುದು ಹೇಗೆ ಎನ್ನುವುದಕ್ಕೆ ನನ್ನ ಬಳಿ ಸ್ಲೈಡ್ ಇಲ್ಲ.

ಅತ್ತೆಗೆ ಹೇಳಿದೆ. “ಬರ್ಲಿ. ಬಂದವರಿಗಿ ಬ್ಯಾಡ ಅನ್ನೂದು ಬಸವಣ್ಣ ಹೇಳಿಲ್ಲ” ಎಂದರು. ಆಮೇಲೆ, “ನನ್ನ ತಾಟು ಒಳಗೇ ಕಳಿಸು.”

ಮೇ 25, ಭಾನುವಾರ — ಮಧ್ಯಾಹ್ನ

ಊಟವಾಗಿ ಎಲ್ಲರೂ ನಡುಮನೆಯಲ್ಲಿ ಅಡ್ಡಾಗಿದ್ದಾರೆ. ಬಾಗಿಲು ಸ್ವಲ್ಪ ತೆರೆದಿಟ್ಟು ಬರೆಯುತ್ತಿದ್ದೇನೆ. ಮರೆಯುವ ಮೊದಲು ಬರೆದಿಡಬೇಕು. ಮರೆಯುವಂಥದ್ದಲ್ಲ, ಆದರೂ.

ರೇವಣಸಿದ್ದನೇ ಕಾರು ಓಡಿಸಿಕೊಂಡು ಬಂದ. ಪೀರಮ್ಮ ಒಳಗೆ ಬಂದವರೇ ಸೋಫಾ ಬಿಟ್ಟು ನೆಲಕ್ಕೆ ಕೂತರು. ಮೇಲೆ ಕೂಡ್ರಿ ಎನ್ನಬೇಕೋ, ನಾನೂ ಕೆಳಗೆ ಕೂಡಬೇಕೋ — ಯೋಚಿಸುವಷ್ಟರಲ್ಲಿ ಅಂಗೈಯಿಂದ ನೆಲ ಸವರಿ ಅಂದರು, “ನಿಮ್ಮೂರ ಕಲ್ಲು ಭಾಳ ತಂಪ. ಅದಕ್ಕೇ ಹೊಟ್ಯಾಗ ಇಟ್ಕೊಂಡೀರಿ.”

ಇವರು ನಕ್ಕುಬಿಟ್ಟರು. ದಾನು ನನ್ನನ್ನು ನೋಡಿದಳು. ನಾನು ಕೆಳಗೆ ಕೂತೆ.

ದಾನು ನೀರು ತಂದಳು, ನಮ್ಮ ತಂಬಿಗೆಯಲ್ಲಿ. ‘ಫಿಲ್ಟರಿಂದ್ರಿ’ ಎನ್ನುವ ಮಾತು ನನ್ನ ಹಲ್ಲಿನ ತನಕ ಬಂದಿತ್ತು, ಕಚ್ಚಿ ಹಿಡಿದೆ. ಪೀರಮ್ಮ ತಂಬಿಗೆ ಎತ್ತಿ ಒಂದೇ ಉಸಿರಿಗೆ ಅರ್ಧ ಮುಗಿಸಿ ಗಂಡನಿಗೆ ದಾಟಿಸಿದರು. ಅಷ್ಟೇ. ಬಾಯಾರಿತ್ತು, ಕುಡಿದರು. ಇವರು ಚಿಮ್ಮನಚೋಡದಲ್ಲಿ ಕುಡಿದ ಹಾಗೆ. ಅದು ಅಷ್ಟು ಸರಳ ಇತ್ತು.

ಆಮೇಲೆ ತಮ್ಮ ಚೀಲಕ್ಕೆ ಕೈಹಾಕಿದರು. ಬಾಟಲಿ. ತಂಪುಪಾನೀಯದ ಹಳೆಯ ಬಾಟಲಿ, ಚೀಟಿ ಕಿತ್ತು ತೊಳೆದದ್ದು. ನನ್ನ ಮುಂದೆ ಕಲ್ಲಿನ ಮೇಲೆ ಇಟ್ಟರು.

“ನಮ್ಮ ಬಾವಿ ನೀರು. ಕಾಸಿ, ಸೋಸಿ, ಆರ್ಸಿ, ಮತ್ತ ಸೋಸಿ ತಂದೀನಿ. ಇದಕ್ಕೇನಂತಾನ ನಿಮ್ಮ ಡಾಕ್ಟರ?”

“ಅವ್ವಾ...” ಎಂದ ರೇವಣಸಿದ್ದ.

“ಏ, ನೀ ಎಮ್ಮಿ ಡಾಕ್ಟರ, ಸುಮ್ಕ ಕೂಡು.”

ಅತ್ತೆ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ದಾನು ಉಗುರು ಕಚ್ಚುತ್ತಿದ್ದಳು, ಏಳನೇ ಕ್ಲಾಸಿನಲ್ಲಿ ಬಿಟ್ಟ ಚಾಳಿ. ಮುಚ್ಚಳ ತಿರುವಿದೆ. ಆಗ ಹೊಳೆಯಿತು — ಹೇಗೆ ಕುಡಿಯಬೇಕು? ಇನ್ನೊಬ್ಬರ ಬಾಟಲಿ, ಎತ್ತಿ ಕುಡಿಯುವುದೇ ಮರ್ಯಾದೆ, ಬಾಯಿ ಹಚ್ಚಿದರೆ ಎಂಜಲು. ಆದರೆ ಇವತ್ತು ಎತ್ತಿ ಕುಡಿದರೆ? ಅವರ ಬಾಟಲಿ ನನ್ನ ತುಟಿಗೆ ತಾಗದ ಹಾಗೆ ನೋಡಿಕೊಂಡಳು ಎನ್ನುವುದಿಲ್ಲವೇ?

ಬಾಯಿ ಹಚ್ಚಿ ಕುಡಿದೆ. ಉಗುರುಬೆಚ್ಚಗಿತ್ತು. ಕಟ್ಟಿಗೆಯ ಹೊಗೆ, ಹಿಂದೆ ಸ್ವಲ್ಪ ಉಪ್ಪು. ನಿಲ್ಲಿಸಲಿಲ್ಲ. ಉಸಿರು ಕಟ್ಟಿದ ಮೇಲೆ ಇಳಿಸಿದೆ, ಅರ್ಧವಾಗಿತ್ತು. ಕುಪ್ಪಸದ ಮೇಲೆಲ್ಲ ಚೆಲ್ಲಿಕೊಂಡಿದ್ದೆ.

ಬಾಗಿಲಿನಿಂದ ಅತ್ತೆ, “ಬ್ಯಾರೆದವರ ಬಾಟ್ಲಿ ಎಂಜಲ ಮಾಡಿದ್ಯಲ್ಲ, ರಾಜಿ. ಅಷ್ಟೂ ತಿಳೀಲಿಲ್ಲ?”

“ಆಗ್ಲೇಳ್ರಿ ಆಯಿ” ಎಂದರು ಪೀರಮ್ಮ. “ಹೆಂಗೂ ಅದು ಅವರದೇ ಆಯ್ತು. ನಮ್ಮೂರಾಗ ಇವರಿಗಿ ಏನ್ ಹೆಸರಿಟ್ಟಾರ ಗೊತ್ತದೇನು ನಿಮಗ? ಬಾಟ್ಲಿ ಬೀಗತಿ!”

“ಏ, ನಿನ್ನ...” ಅಮೃತಪ್ಪ ರುಮಾಲಿನಲ್ಲಿ ಮುಖ ಒರೆಸಿಕೊಂಡರು. ರೇವಣಸಿದ್ದ ತಲೆಯೆತ್ತಿ ಛತ್ತು ನೋಡಿದ. ಯಾರು ಮೊದಲು ನಕ್ಕರು? ಅತ್ತೆ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಕೆಮ್ಮು ಬರುವ ತನಕ. ಆಮೇಲೆ ದಾನು. ನಾನೂ ನಕ್ಕೆ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ನೋವಾಗಲಿಲ್ಲ ಎಂದು ಬರೆಯಲಾರೆ. ಒಂದು ಊರಿಗೆ ಊರೇ ನನ್ನನ್ನು ಹಾಗೆ ಕರೆಯುತ್ತದೆ. ಇನ್ನು ಅಳಿಸುವುದಿಲ್ಲ. ಮೊಮ್ಮಕ್ಕಳಿಗೂ ಯಾರಾದರೂ ಹೇಳುತ್ತಾರೆ.

ಮೊಮ್ಮಕ್ಕಳು ಎಂದು ಬರೆದೆ.

ಬೀಗತಿ ಎಂದರು. ಹ್ಞೂಂ ಎಂದು ಇನ್ನೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ನಿಶ್ಚಯದ ದಿನವನ್ನೂ ಯಾರೂ ಎತ್ತಿಲ್ಲ. ಆದರೆ ಬೀಗರಲ್ಲದವರಿಗೆ ನಮ್ಮ ಕಡೆ ಇಂಥ ಹೆಸರು ಇಡುವುದಿಲ್ಲ, ಇಟ್ಟರೂ ಎದುರಿಗೆ ಹೇಳುವುದಿಲ್ಲ. ಅತ್ತೆ ತಮ್ಮ ತಾಟು ಕೋಣೆಯೊಳಗೇ ತರಿಸಿಕೊಂಡರು. ಬಾಗಿಲು ಮಾತ್ರ ತೆರೆದಿಟ್ಟು ಉಂಡರು. ನಾಳೆ ನನಗೆ ಏನೆನ್ನುತ್ತಾರೋ. ನಾಳೆಯದು ನಾಳೆ. ಪೀರಮ್ಮನ ಚೀಲದ ಬಾಯಿಯಿಂದ ಹಸಿರು ಖಣದ ಅಂಚು ಕಾಣುತ್ತದೆ. ಅದೇ ಖಣ. ಕೇಳುವುದಿಲ್ಲ.

ದಣಿವಾಗಿದೆ. ಮಲಗಿದರೆ ನಾಳೆಯ ತನಕ ಏಳಲಾರೆ.

ನಡುಮನೆಯಿಂದ ಪೀರಮ್ಮನ ದನಿ. “ಬೀಗತೇರ, ಜರಾ ನೀರ ಕೊಡ್ತೀರೇನು?”

ತಂಬಿಗೆ ಖಾಲಿ, ನನ್ನ ಸ್ಟೀಲಿನ ಬಾಟಲಿಯೂ ಖಾಲಿ. ಕರೆಂಟು ಈಗಷ್ಟೇ ಹೋಯಿತು, ಫಿಲ್ಟರ್ ನಿಂತಿದೆ. ಅವರು ತಂದ ಬಾಟಲಿಯಲ್ಲಿ ಅವರದೇ ನೀರು ಉಳಿದಿದೆ, ನಾನು ಬಾಯಿ ಹಚ್ಚಿದ್ದು, ಅದನ್ನು ಕೊಡಬಾರದು. ಉಳಿದದ್ದು ನಲ್ಲಿಯ ನೀರು. ನಾನು ಕುಡಿಯದ್ದನ್ನು ಅವರಿಗೆ ಹೇಗೆ... ಇಲ್ಲ, ಯಾವ ನೀರು ಬೇಕೆಂದು ಹೋಗಿ ಅವರನ್ನೇ ಕೇಳಿ—